ಸ್ಮಾರಕದಲ್ಲಿ ಹೆಸರಿದೆ, ಕಾಗದದಲ್ಲಿ ‘ಓಡಿಹೋದವನು’ ಅಂತಿದೆ: ಬೀಗರಿಗೆ ಏನು ಹೇಳಲಿ?

ಪ್ರಶ್ನೆ: ನಾನು ಹಾಸನದವಳು, ನಿವೃತ್ತ ಶಿಕ್ಷಕಿ. ಮಗ, ಸೊಸೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾರೆ. ಸೊಸೆ ಅಲ್ಲಿನ ಹುಡುಗಿಯೇ. ಆರು ತಿಂಗಳ ಮಟ್ಟಿಗೆ ಬಂದಿದ್ದೇನೆ. ಮೊಮ್ಮಗನಿಗೆ ಶಾಲೆಯಲ್ಲಿ ಮನೆತನದ ಇತಿಹಾಸ ಬರೆಯುವ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಬೀಗರ ಮುತ್ತಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಕಡೆ ಕುದುರೆ ಸವಾರರಾಗಿದ್ದರು. ಆ ಯುದ್ಧದ ಕಾಳಗ ನಡೆದ ಗೆಟ್ಟಿಸ್‌ಬರ್ಗ್‌ನ ದೊಡ್ಡ ಸ್ಮಾರಕದ ಕಂಚಿನ ಹಲಗೆಯಲ್ಲಿ ಅವರ ಹೆಸರಿದೆ. ಎಲ್ಲರೂ ಹೋಗಿ ಫೋಟೊ ತೆಗೆಸಿಕೊಂಡು ಬಂದೆವು. ಆಮೇಲೆ ಸೊಸೆ ಅವರ ಸೇವಾ ದಾಖಲೆ ತರಿಸಿದಳು. 1863ರ ಸೆಪ್ಟೆಂಬರ್–ಅಕ್ಟೋಬರ್ ಕಾರ್ಡಿನಲ್ಲಿ ‘ಗೈರು, ಡಿಸ್‌ಮೌಂಟೆಡ್ ಕ್ಯಾಂಪ್’ ಅಂತಿದೆ. ನವೆಂಬರ್–ಡಿಸೆಂಬರ್ ಕಾರ್ಡಿನಲ್ಲಿ ‘ಡಿಸರ್ಟೆಡ್’ ಅಂತಿದೆ. 1864ರ ಮಾರ್ಚ್–ಏಪ್ರಿಲ್‌ಗೆ ಮತ್ತೆ ‘ಹಾಜರು’. ಜೊತೆಗೆ ಒಂದು ಕಾರ್ಬೈನ್ ಬಂದೂಕು, ಒಂದು ಜೊತೆ ಸ್ಪರ್ (ಬೂಟಿನ ಹಿಮ್ಮಡಿಗೆ ಕಟ್ಟುವ ಮುಳ್ಳು) ಕಳೆದದ್ದಕ್ಕೆ ಸಂಬಳದಲ್ಲಿ ಕಡಿತ. 1865ರ ಆಗಸ್ಟಿನಲ್ಲಿ ಬಿಡುಗಡೆ. ಬೀಗರು ಅದನ್ನು ಓದಿ ಮುಖ ಸಣ್ಣ ಮಾಡಿಕೊಂಡರು. ಅವರ ಮನೆಯ ಕಥೆಯಲ್ಲಿ ಮುತ್ತಜ್ಜ ಕರ್ನಲ್, ಕತ್ತಿ ಹಿರಿದು ನುಗ್ಗಿದವರು, ಮೂರು ಕುದುರೆ ಗುಂಡು ತಿಂದು ಬಿದ್ದರೂ ಇವರು ಬದುಕಿದವರು. ಕಾಗದದಲ್ಲಿ ಕೊನೆವರೆಗೂ ಬರೀ ‘ಪ್ರೈವೇಟ್’. ಇನ್ನೊಂದು ಗೊಂದಲ: ಗೋರಿಯ ಕಲ್ಲಿನ ಮೇಲೆ ‘161ನೇ ರೆಜಿಮೆಂಟ್’ ಅಂತಿದೆ, ಕಾಗದದಲ್ಲಿ ‘16ನೇ ಅಶ್ವದಳ’. ಇಬ್ಬರೂ ಬೇರೆಯವರಾ? 1891ರ ಪೆನ್ಷನ್ ಪತ್ರವೂ ಮನೆಯಲ್ಲಿದೆ. ಅದರಲ್ಲಿ ಕಾರಣ ಮೂಲವ್ಯಾಧಿ, ಸಂಧಿವಾತ! ಇದನ್ನು ಹೇಳಿಕೊಳ್ಳಲೂ ಅವರಿಗೆ ನಾಚಿಕೆ. ದುಡ್ಡು ಕೊಟ್ಟರೆ ‘ಹೆಸರು ಶುದ್ಧ ಮಾಡಿಸಿಕೊಡುತ್ತೇವೆ’ ಅಂತ ಯಾರೋ ಇಮೇಲ್ ಮಾಡಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನನಗೆ ಮುತ್ತಜ್ಜನಿಗಿಂತ ಮೊದಲು ಅವರ ಕುದುರೆಯ ಯೋಚನೆ ಬಂತು. ಇಂಥ ಹಳೆಯ ಸೇನಾ ಕಾಗದಗಳನ್ನು ಓದಿಕೊಡುವುದು ನನ್ನ ಕಸುಬು. ಕಾಲಾಳು ಸಿಪಾಯಿಯ ಕಾಗದವನ್ನು ಒಂದು ರೀತಿ ಓದಬೇಕು, ಸವಾರನ ಕಾಗದವನ್ನು ಇನ್ನೊಂದು ರೀತಿ. ಸವಾರ ಯಾವಾಗ ದಳದಲ್ಲಿದ್ದ, ಯಾವಾಗ ಇರಲಿಲ್ಲ ಅನ್ನುವುದನ್ನು ಹೆಚ್ಚಿನ ಸಲ ತೀರ್ಮಾನಿಸುತ್ತಿದ್ದದ್ದು ಅವನ ಧೈರ್ಯವಲ್ಲ, ಕುದುರೆಯ ಬೆನ್ನು ಮತ್ತು ಗೊರಸು. ನಿಮ್ಮ ಕಾರ್ಡುಗಳಲ್ಲಿ ‘ಡಿಸರ್ಟೆಡ್’ ಅನ್ನುವ ಪದ ಎಲ್ಲರ ಕಣ್ಣಿಗೆ ಚುಚ್ಚಿದೆ. ಅದಕ್ಕೆ ಮುಂಚಿನ ಕಾರ್ಡಿನ ‘ಡಿಸ್‌ಮೌಂಟೆಡ್ ಕ್ಯಾಂಪ್’ ಅನ್ನುವುದನ್ನು ಯಾರೂ ಸರಿಯಾಗಿ ನೋಡಿಲ್ಲ ಅನ್ನಿಸುತ್ತದೆ.

ಸುಲಭದ್ದನ್ನು ಮೊದಲು ಮುಗಿಸಿಬಿಡೋಣ. 16ನೇ ಅಶ್ವದಳ, 161ನೇ ರೆಜಿಮೆಂಟ್ ಎರಡೂ ಒಂದೇ. ಪೆನ್ಸಿಲ್ವೇನಿಯಾ ರಾಜ್ಯ ತಾನು ಎಬ್ಬಿಸಿದ ಎಲ್ಲ ರೆಜಿಮೆಂಟುಗಳಿಗೂ, ಕಾಲಾಳು, ಸವಾರ ಅಂತ ನೋಡದೆ, ಒಂದೇ ಸಾಲಿನ ಸಂಖ್ಯೆ ಕೊಟ್ಟಿತ್ತು. ಅದರ ಮೇಲೆ ಅಶ್ವದಳಗಳಿಗೆ ಬೇರೆ ಸಂಖ್ಯೆಯೂ ಇತ್ತು. 6ನೇ ಅಶ್ವದಳ ಅಂದರೆ 70ನೇ ರೆಜಿಮೆಂಟ್, 8ನೇದು 89, 16ನೇದು 161, 17ನೇದು 162. ಈ ಎರಡು ಸಂಖ್ಯೆಗಳ ಆಟದಲ್ಲಿ ಎಷ್ಟೋ ಮನೆಯವರು ಇಲ್ಲದ ಇನ್ನೊಬ್ಬ ಅಜ್ಜನನ್ನು ಹುಟ್ಟಿಸಿಕೊಂಡಿದ್ದಾರೆ. ಹಾಗಂತ ಹೆಸರು ಒಂದೇ ಇದ್ದ ಮಾತ್ರಕ್ಕೆ ಮನುಷ್ಯ ಒಬ್ಬನೇ ಅಂತಲೂ ಅಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಉಚಿತ ಸಿಪಾಯಿ ಪಟ್ಟಿಯಲ್ಲಿ 63 ಲಕ್ಷ ಹೆಸರುಗಳಿವೆ. ಎರಡೂ ಕಡೆ ಸೇರಿ ಯುದ್ಧಕ್ಕೆ ಹೋದವರು ಸುಮಾರು 35 ಲಕ್ಷ. ಒಬ್ಬನೇ ಎರಡು ದಳದಲ್ಲಿ ಇದ್ದದ್ದು, ಗುಮಾಸ್ತ ಹೆಸರನ್ನು ಮೂರು ತರ ಬರೆದದ್ದು, ಎಲ್ಲ ಸೇರಿ ಪಟ್ಟಿ ಉಬ್ಬಿದೆ. ಹಾಗಾಗಿ ಹೆಸರಿನ ಜೊತೆ ಕಂಪನಿಯ, ಅಂದರೆ ರೆಜಿಮೆಂಟಿನ ಒಳಗಿನ ತುಕಡಿಯ, ಅಕ್ಷರ, ವಯಸ್ಸು, ಹುಟ್ಟಿದ ಊರು ಕೂಡ ಕೂಡಿಬರಬೇಕು. ಗೋರಿಯ ಕಲ್ಲಿನ ಕಂಪನಿ ಅಕ್ಷರವನ್ನು ಕಾರ್ಡಿನ ಜೊತೆ ಒಮ್ಮೆ ಹೋಲಿಸಿ ನೋಡಿ, ಸಾಕು.

ಈಗ ‘ಡಿಸ್‌ಮೌಂಟೆಡ್’ ವಿಷಯ. ಇದು ಶಿಕ್ಷೆಯಲ್ಲ, ಹಿಂಬಡ್ತಿಯೂ ಅಲ್ಲ. ಕುದುರೆ ಇಲ್ಲ ಅಂತ ಅರ್ಥ, ಅಷ್ಟೇ. ಆದರೆ ಈ ‘ಅಷ್ಟೇ’ ಒಳಗೆ ದೊಡ್ಡ ಕಥೆ ಇದೆ.

ಹಳೇ ಮೈಸೂರು ಕಡೆಯವರಿಗೆ ಸಿಲ್ಲೇದಾರ, ಬಾರಗೀರ ಅನ್ನುವ ಮಾತು ಪೂರ್ತಿ ಹೊಸದಲ್ಲ. ಸ್ವಂತ ಕುದುರೆ ತಂದು ಚಾಕರಿ ಮಾಡುವವನು ಸಿಲ್ಲೇದಾರ. ಸರ್ಕಾರದ ಕುದುರೆ ಏರುವವನು ಬಾರಗೀರ. ಅಮೆರಿಕದ ಅಂತರ್ಯುದ್ಧವನ್ನು ಈ ಎರಡು ಮಾತಿನಲ್ಲೇ ವಿವರಿಸಬಹುದು. ದಕ್ಷಿಣದ ಸವಾರ ಸಿಲ್ಲೇದಾರ. ಮನೆಯಿಂದ ಕುದುರೆ ತರುತ್ತಿದ್ದ, ಅದರ ಬಾಡಿಗೆ ಅಂತ ದಿನಕ್ಕೆ 40 ಸೆಂಟ್ ಸಿಗುತ್ತಿತ್ತು. ಕಾಳಗದಲ್ಲಿ ಕುದುರೆ ಸತ್ತರೆ ಸರ್ಕಾರ ಬೆಲೆ ಕಟ್ಟಿಕೊಡುತ್ತಿತ್ತು. ರೋಗ ಬಂದು ಸತ್ತರೆ, ದಣಿದು ಬಿದ್ದರೆ, ಶತ್ರು ಹಿಡಿದುಕೊಂಡು ಹೋದರೆ ಏನೂ ಇಲ್ಲ. ರಜೆ ಹಾಕಿ ಊರಿಗೆ ಹೋಗಿ ಇನ್ನೊಂದು ತರಬೇಕು. ತರಲಾಗದವನು ಕಾಲಾಳು ಆಗಬೇಕು. ಉತ್ತರದ ಸವಾರ ಬಾರಗೀರ. ಕುದುರೆ, ಜೀನು, ಲಗಾಮು ಎಲ್ಲ ಸರ್ಕಾರದ್ದು. ಕೇಳಲು ಇದೇ ಸುಖ ಅನ್ನಿಸುತ್ತದೆ ಅಲ್ವಾ? ಆದರೆ ತನ್ನದಲ್ಲದ ಕುದುರೆಯನ್ನು ಅದುವರೆಗೆ ಒಂದು ದಿನವೂ ಸಾಕದವನು ಏರಿದರೆ ಏನಾಗುತ್ತದೆ ಅಂತ 1861, 62ರಲ್ಲಿ ಉತ್ತರದವರಿಗೆ ಚೆನ್ನಾಗಿ ಗೊತ್ತಾಯಿತು.

ಒಂದು ಲೆಕ್ಕ ನೋಡಿ. ವರ್ಜೀನಿಯಾದಲ್ಲಿದ್ದ ಉತ್ತರದ ಮುಖ್ಯ ಸೇನೆ ಪೊಟೊಮ್ಯಾಕ್ ಸೇನೆ. ಅದರ ಸವಾರರು 1863ರಲ್ಲಿ ಹತ್ತರಿಂದ ಹದಿನಾಲ್ಕು ಸಾವಿರ. ಆ ವರ್ಷ ಮೇಯಿಂದ ಅಕ್ಟೋಬರ್‌ವರೆಗಿನ ಆರು ತಿಂಗಳಲ್ಲಿ ಇವರಿಗೆ ಸರ್ಕಾರ ಕೊಟ್ಟ ಕುದುರೆಗಳು 35,078. ಅಂದರೆ ಅರ್ಧ ವರ್ಷದಲ್ಲಿ ಒಬ್ಬೊಬ್ಬ ಸವಾರನ ಕೆಳಗೆ ಎರಡೂವರೆ, ಮೂರು ಕುದುರೆ ಕರಗಿಹೋಗಿವೆ. ಅಕ್ಟೋಬರ್ ಒಂದೇ ತಿಂಗಳಲ್ಲಿ 7,036. ನಿಮ್ಮ ಬೀಗರ ಮುತ್ತಜ್ಜ ಕುದುರೆ ಇಲ್ಲದೆ ಕ್ಯಾಂಪಿಗೆ ಹೋದದ್ದೂ ಆ ಹೊತ್ತಿನಲ್ಲೇ.

ಇಷ್ಟೊಂದು ಕುದುರೆ ಗುಂಡಿಗೆ ಸತ್ತವೇ? ಇಲ್ಲ. ಹೆಚ್ಚಿನವು ಹಸಿವಿಗೆ, ದಣಿವಿಗೆ, ರೋಗಕ್ಕೆ. ನಿಯಮದ ಪ್ರಕಾರ ಒಂದು ಕುದುರೆಗೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಓಟ್ಸ್ ಅಥವಾ ಮೆಕ್ಕೆಜೋಳ. ನಮ್ಮಲ್ಲಿ ಹುರುಳಿ ಹಾಕುವ ಹಾಗೆ ಅಲ್ಲಿ ಓಟ್ಸ್. ಹತ್ತು ಸಾವಿರ ಕುದುರೆಗೆ ಲೆಕ್ಕ ಹಾಕಿದರೆ ದಿನಕ್ಕೆ ನೂರು ಟನ್ನಿಗೂ ಜಾಸ್ತಿ ಮೇವು. ಗಾಡಿಗಳು ಹಿಂದುಳಿದರೆ ಎರಡು ದಿನ, ಮೂರು ದಿನ ಅದರಲ್ಲಿ ಏನೂ ಬರುತ್ತಿರಲಿಲ್ಲ. ಸವಾರ, ಜೀನು, ಕಂಬಳಿ, ಕಾರ್ಬೈನ್, ಪಿಸ್ತೂಲು, ಕತ್ತಿ, ಮದ್ದುಗುಂಡು ಎಲ್ಲ ಸೇರಿ ನೂರು ಕಿಲೋ ಮೀರಿದ ಭಾರ ಬೆನ್ನ ಮೇಲೆ. ರಾತ್ರಿಯಿಡೀ ಜೀನು ಇಳಿಸದೆ ನಿಂತರೆ ಬೆನ್ನು ಹುಣ್ಣು. ಕೆಸರಿನಲ್ಲಿ ನಿಂತರೆ ಗೊರಸು ಕೊಳೆತ. ಒಂದು ಲಾಳ ಕಳಚಿದರೆ ಆ ದಿನದ ಮಟ್ಟಿಗೆ ಕುದುರೆ ಕುಂಟು. ಇದರ ಮೇಲೆ ಗ್ಲಾಂಡರ್ಸ್ ಅನ್ನುವ ಅಂಟುರೋಗ. ಮೂಗಿನಿಂದ ಕೀವು ಸುರಿಯುತ್ತದೆ, ಒಂದಕ್ಕೆ ಬಂದರೆ ಇಡೀ ಲಾಯಕ್ಕೆ. ಅದು ಕಂಡ ಕುದುರೆಯನ್ನು ಗುಂಡಿಟ್ಟು ಕೊಲ್ಲುವುದೇ ದಾರಿ.

ಈ ಸಂಕಟ ತಡೆಯಲಾರದೆ ಸರ್ಕಾರ 1863ರ ಜುಲೈ ಕೊನೆಗೆ ಕ್ಯಾವಲ್ರಿ ಬ್ಯೂರೊ ಅನ್ನುವ ಹೊಸ ಕಚೇರಿ ತೆರೆಯಿತು. ವಾಷಿಂಗ್ಟನ್ ನಗರದ ಅಂಚಿಗೆ ಗೀಸ್‌ಬರೊ ಅನ್ನುವಲ್ಲಿ ಹೊಳೆಯ ದಂಡೆಯ ಮೇಲೆ ದೊಡ್ಡ ಕುದುರೆ ಡಿಪೊ ಎದ್ದಿತು. ಒಂದೇ ಸಲಕ್ಕೆ 30,000 ಕುದುರೆ ಇಡಬಹುದಾದಷ್ಟು ಜಾಗ. ಅದರ ಪಕ್ಕದಲ್ಲೇ ಕುದುರೆ ಕಳೆದುಕೊಂಡ ಸವಾರರ ಕ್ಯಾಂಪು. ಅದೇ ಡಿಸ್‌ಮೌಂಟೆಡ್ ಕ್ಯಾಂಪು. ಹತ್ತಾರು ರೆಜಿಮೆಂಟುಗಳ ಸವಾರರನ್ನು ಅಲ್ಲಿಗೆ ತಂದು ಸುರಿಯುತ್ತಿದ್ದರು. ಅವರ ಸ್ವಂತ ಅಧಿಕಾರಿಗಳು ಅಲ್ಲಿ ಇರುತ್ತಿರಲಿಲ್ಲ. ಕೆಲವರನ್ನು ಕಾವಲಿಗೆ ಹಾಕಿದರು, ಕೆಲವರು ಜ್ವರ, ಭೇದಿ ಹತ್ತಿ ಆಸ್ಪತ್ರೆ ಸೇರಿದರು, ಕೆಲವರು ಕುದುರೆ ಸಿಕ್ಕಿದ ಕೂಡಲೇ ಬೇರೆ ದಳದ ಜೊತೆ ಹೊರಟರು. ಕೆಲವರು ನಿಜವಾಗಿಯೂ ಮನೆಯ ದಾರಿ ಹಿಡಿದರು. ಅದನ್ನೂ ಹೇಳಿಬಿಡಬೇಕು.

ಇಷ್ಟು ತಿಳಿದ ಮೇಲೆ ‘ಡಿಸರ್ಟೆಡ್’ ಕಾರ್ಡಿಗೆ ಬರೋಣ.

ನಿಮ್ಮ ಕೈಯಲ್ಲಿರುವ ಕಾರ್ಡುಗಳನ್ನು ಯುದ್ಧದ ಬಯಲಿನಲ್ಲಿ ಯಾರೂ ಬರೆದಿಲ್ಲ. ಯುದ್ಧ ಮುಗಿದು ಇಪ್ಪತ್ತು ವರ್ಷ ಕಳೆದ ಮೇಲೆ, ಪೆನ್ಷನ್ ಅರ್ಜಿಗಳನ್ನು ತಾಳೆ ನೋಡಲು ಯುದ್ಧ ಇಲಾಖೆಯ ಗುಮಾಸ್ತರು ಹಳೆಯ ಹಾಜರಿ ಪಟ್ಟಿಗಳಿಂದ ನಕಲು ಮಾಡಿದ್ದು. ಆ ಹಾಜರಿ ಪಟ್ಟಿ, ಅವರ ಮಾತಿನಲ್ಲಿ ಮಸ್ಟರ್ ರೋಲ್, ಎರಡು ತಿಂಗಳಿಗೊಮ್ಮೆ ಮಾಡುವಂಥದ್ದು. ಅದರ ಉದ್ದೇಶ ಒಂದೇ: ಯಾರಿಗೆ ಸಂಬಳ ಕೊಡಬೇಕು, ಯಾರಿಗೆ ಕೊಡಬಾರದು. ಕಂಪನಿಯ ಸಾರ್ಜೆಂಟ್ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದ. ಎದುರಿಗೆ ಇದ್ದವನು ಹಾಜರು. ಇಲ್ಲದವನ ಬಗ್ಗೆ ಚೀಟಿ ಬಂದಿದ್ದರೆ ಗೈರು, ಕಾರಣ ಇಂಥದ್ದು. ಚೀಟಿ ಬರದೇ ಇದ್ದರೆ, ಎರಡು ಸಲ ಕಾದು ನೋಡಿ, ‘ಡಿಸರ್ಟೆಡ್’ ಅಂತ ಗೀಚಿ ಮುಂದಕ್ಕೆ ಹೋಗುತ್ತಿದ್ದ. ನೀವು ಶಿಕ್ಷಕಿಯಾಗಿದ್ದವರು, ನಿಮಗೆ ಗೊತ್ತು. ತಿಂಗಳುಗಟ್ಟಲೆ ಶಾಲೆಗೆ ಬರದ ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದರೆ ಅವನು ಓದು ಬಿಟ್ಟ ಅಂತಲೇ ಅಲ್ಲ. ಪಕ್ಕದ ಊರಿನ ಶಾಲೆ ಸೇರಿರಬಹುದು.

ಸ್ಮಾರಕದ ಹೆಸರಿಗೂ ಇದೇ ಮಾತು. ಗೆಟ್ಟಿಸ್‌ಬರ್ಗ್‌ನ ಪೆನ್ಸಿಲ್ವೇನಿಯಾ ಸ್ಮಾರಕದಲ್ಲಿ 34,000ಕ್ಕೂ ಹೆಚ್ಚು ಹೆಸರುಗಳಿವೆ. ಹಾಜರಿ ತೆಗೆಯುವ ದಿನ ಜೂನ್ 30. ಕಾಳಗ ಶುರುವಾದದ್ದು 1863ರ ಜುಲೈ 1. ಹಾಗಾಗಿ ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಕಾಳಗದಲ್ಲಿ ಇದ್ದರು ಅಂತ ಖಚಿತವಾಗಿ ಹೇಳಲಾಗದು. ಕಂಚಿನ ಹಲಗೆ, ‘ಡಿಸರ್ಟೆಡ್’ ಕಾರ್ಡು ಎರಡರ ಹಿಂದೆಯೂ ಇರುವುದು ಇಂಥ ಹಾಜರಿ ಪುಸ್ತಕವೇ. ಒಂದನ್ನು ನೋಡಿ ಹೆಮ್ಮೆಪಟ್ಟು ಇನ್ನೊಂದನ್ನು ನೋಡಿ ತಲೆ ತಗ್ಗಿಸಿದರೆ ಎರಡು ಕಡೆಯೂ ಸ್ವಲ್ಪ ಜಾಸ್ತಿಯೇ ಆಯಿತು. ಇನ್ನೊಂದು ಮಾತು, ಬೀಗರ ಮುಂದೆ ಮೆಲ್ಲಗೆ ಹೇಳಿ: ಗೆಟ್ಟಿಸ್‌ಬರ್ಗ್‌ನಲ್ಲಿ 16ನೇ ಅಶ್ವದಳ ಇದ್ದದ್ದು ನಿಜ, ಆದರೆ ಅದರ ನಷ್ಟ ಬಹಳ ಕಡಿಮೆ. ಅದು ಬೆವರು ಸುರಿಸಿದ್ದು ಬೇರೆ ಕಡೆ. 1862ರ ಶರತ್ಕಾಲದಲ್ಲಿ ಹ್ಯಾರಿಸ್‌ಬರ್ಗ್‌ನಲ್ಲಿ ಕಟ್ಟಿದ ಈ ದಳ 1863ರ ಮಾರ್ಚ್ 17ಕ್ಕೆ ಕೆಲೀಸ್ ಫೋರ್ಡ್ ಅನ್ನುವ ಹೊಳೆ ದಾಟುವ ಕಡೆ ಕಾಳಗ ಕಂಡಿತು. 1864ರ ಬೇಸಿಗೆಯೆಲ್ಲ ವರ್ಜೀನಿಯಾದ ಧೂಳಿನಲ್ಲಿ ಕಳೆಯಿತು. ನಿಮ್ಮವರು ಆ ಬೇಸಿಗೆಗೆ ವಾಪಸ್ ಬಂದಿದ್ದರು ಅನ್ನುವುದನ್ನು ಮರೆಯಬೇಡಿ.

ಹಾಗಾದರೆ ಅವರು ಓಡಿಹೋಗಲಿಲ್ಲ ಅಂತ ಹೇಳಬಹುದಾ? ನಾನು ಹಾಗೆ ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ. ಆದರೆ ನಿಮ್ಮ ಪತ್ರದಲ್ಲೇ ಮೂರು ಸುಳಿವುಗಳಿವೆ.

ಮೊದಲನೆಯದು ಆ ಕಡಿತ. ನಿಜವಾಗಿ ಓಡಿಹೋಗಿ ಸಿಕ್ಕಿಬಿದ್ದವನಾದರೆ ಹಿಡಿದುಕೊಟ್ಟವರ ಬಹುಮಾನವನ್ನೂ, ವಾಪಸ್ ಕರೆತಂದ ಖರ್ಚನ್ನೂ ಅವನ ಸಂಬಳದಲ್ಲೇ ಮುರಿಯುತ್ತಿದ್ದರು. ಸೇನಾ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದರೆ ‘ತಿಂಗಳಿಗೆ ಇಷ್ಟು ಡಾಲರ್ ದಂಡ’, ‘ಕಳೆದ ದಿನಗಳನ್ನು ಮತ್ತೆ ತುಂಬಿಕೊಡಬೇಕು’ ಅಂತ ಬರೆಯುತ್ತಿದ್ದರು. ನಿಮ್ಮ ಕಾರ್ಡಿನಲ್ಲಿ ಇರುವುದು ಒಂದು ಕಾರ್ಬೈನ್, ಒಂದು ಜೊತೆ ಸ್ಪರ್. ಇದು ಸಾಮಾನು ಕಳೆದವನ ಲೆಕ್ಕ, ಅಪರಾಧಿಯ ಲೆಕ್ಕ ಅಲ್ಲ. ಕ್ಯಾಂಪಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಕ್ಯಾಂಪಿಗೆ ಹೋಗುವಾಗ ಹೀಗೆ ಸಾಮಾನು ಕಳೆಯುವುದು ತೀರಾ ಸಾಮಾನ್ಯ. ಪಾಪ, ತಿಂಗಳಿಗೆ 13 ಡಾಲರ್ ಸಂಬಳದವನು. ಒಂದು ಕಾರ್ಬೈನಿಗೇ ಸಂಬಳ ಹೋಗುತ್ತಿತ್ತು.

ಎರಡನೆಯದು ಪೆನ್ಷನ್. 1890ರ ಜೂನ್ 27ರ ಕಾನೂನು ಸುಮಾರು ಎಲ್ಲ ಮುದುಕ ಸಿಪಾಯಿಗಳಿಗೂ ಬಾಗಿಲು ತೆರೆಯಿತು. ತೊಂಬತ್ತು ದಿನ ಸೇವೆ ಮಾಡಿರಬೇಕು, ಗೌರವದ ಬಿಡುಗಡೆ ಆಗಿರಬೇಕು, ದುಡಿಯಲು ಆಗದಂಥ ಕಾಯಿಲೆ ಇರಬೇಕು. ಕಾಯಿಲೆ ಯುದ್ಧದಿಂದಲೇ ಬಂದಿರಬೇಕು ಅಂತೇನೂ ಇರಲಿಲ್ಲ. ಆದರೆ ಗೌರವದ ಬಿಡುಗಡೆ ಮಾತ್ರ ಬೇಕೇಬೇಕು. ಓಡಿಹೋದ ಆರೋಪ ಉಳಿದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತಿತ್ತು. 1891ರಲ್ಲಿ ಹಣ ಕೊಟ್ಟಿದ್ದಾರೆ ಅಂದರೆ ಸರ್ಕಾರ ಅಷ್ಟರಲ್ಲಿ ಆ ಆರೋಪವನ್ನು ಬಿಟ್ಟಿತ್ತು ಅಂತಲೇ ಅರ್ಥ. 1889ರ ಮಾರ್ಚ್ 2ರ ಇನ್ನೊಂದು ಕಾನೂನು ಇಂಥ ಆರೋಪಗಳನ್ನು ತೆಗೆದುಹಾಕಲು ದಾರಿ ಮಾಡಿಕೊಟ್ಟಿತ್ತು. ಸೊಸೆ ತರಿಸಿದ ಕಟ್ಟಿನ ಕೊನೆಗೆ ಬೇರೆ ತರದ ಒಂದು ಕಾರ್ಡು ಇದೆಯಾ ನೋಡಿ. ಮೇಲೆ ‘ನೋಟೇಶನ್’ ಅಂತ ಇರುತ್ತದೆ. ಆರೋಪ ತೆಗೆದಿದ್ದರೆ ತಾರೀಖು, ಕಾರಣ ಎರಡೂ ಅದರಲ್ಲಿ ಇರುತ್ತವೆ. ತುಂಬಾ ಜನ ಮೊದಲ ಕಾರ್ಡುಗಳನ್ನು ಓದಿ ಬೇಜಾರಾಗಿ ಕೊನೆಯದನ್ನು ನೋಡುವುದೇ ಇಲ್ಲ.

ಮೂರನೆಯದು ಅವರು ವಾಪಸ್ ಬಂದದ್ದು. ಉತ್ತರದ ಸೇನೆಯಲ್ಲಿ ಓಡಿಹೋದವರು ಸುಮಾರು ಎರಡು ಲಕ್ಷ ಅಂತ ಲೆಕ್ಕ. ಅದಕ್ಕಾಗಿ ಗುಂಡಿಗೆ ಗುರಿಯಾದವರು 140ಕ್ಕೂ ಹೆಚ್ಚು. ಎರಡು ಲಕ್ಷಕ್ಕೆ ಇದು ಚಿಕ್ಕ ಸಂಖ್ಯೆ, ಆದರೂ ಭಯ ಹುಟ್ಟಿಸಲು ಸಾಕಾಗಿತ್ತು. ಸ್ವತಃ ಲಿಂಕನ್ 1863ರ ಮಾರ್ಚಿನಲ್ಲಿ, ಮತ್ತೆ 1865ರ ಮಾರ್ಚಿನಲ್ಲಿ, ಇಷ್ಟು ದಿನದೊಳಗೆ ವಾಪಸ್ ಬಂದರೆ ಕ್ಷಮೆ ಇದೆ ಅಂತ ಸಾರಿದ. ನಿಮ್ಮವರು ವಾಪಸ್ ಬಂದದ್ದು ಈ ಎರಡರ ನಡುವೆ, ಯಾವ ಕ್ಷಮೆಯ ಆಸರೆಯೂ ಇಲ್ಲದಾಗ. ಬಂದವರು ಯುದ್ಧ ಮುಗಿಯುವ ತನಕ ಇದ್ದರು.

ನನ್ನ ಅಂದಾಜು ಹೇಳಲಾ? ಕುದುರೆ ಹೋಯಿತು, ಕ್ಯಾಂಪಿಗೆ ಕಳಿಸಿದರು, ಅಲ್ಲಿ ಕಾಯಿಲೆ ಬಿದ್ದರು, ಚೀಟಿ ಕಂಪನಿಗೆ ತಲುಪಲಿಲ್ಲ. ಚಳಿಗಾಲದಲ್ಲಿ ನಾಲ್ಕು ದಿನ ಮನೆಗೂ ಹೋಗಿಬಂದಿರಬಹುದು. ವಾಷಿಂಗ್ಟನ್‌ನಿಂದ ಪೆನ್ಸಿಲ್ವೇನಿಯಾ ದೂರವೇನಲ್ಲ, ರೈಲು ಬೇರೆ ಇತ್ತು. ಇಪ್ಪತ್ತು ವರ್ಷದ ಹುಡುಗ. ಎರಡೂ ಒಟ್ಟಿಗೆ ನಿಜ ಇರಬಹುದು ಅನ್ನುವುದನ್ನು ಬೀಗರು ಒಪ್ಪಿದರೆ ಅವರ ಅರ್ಧ ಭಾರ ಇಳಿಯುತ್ತದೆ.

ಮನೆಯ ಕಥೆ ಕಡೆಗೆ ಬರೋಣ. ಕರ್ನಲ್ ಆಗಿರಲಿಲ್ಲ, ಅದು ಸ್ಪಷ್ಟ. ಪ್ರೈವೇಟ್ ಅಂದರೆ ಸಾದಾ ಸಿಪಾಯಿ. ಆದರೆ ಯಾರೋ ಸುಳ್ಳು ಹೇಳಿದರು ಅಂತ ಅಂದುಕೊಳ್ಳಬೇಡಿ. ಯುದ್ಧ ಮುಗಿದ ಮೇಲೆ ಮಾಜಿ ಸಿಪಾಯಿಗಳ ಸಂಘಗಳಲ್ಲಿ ಸಾದಾ ಸಿಪಾಯಿಯೂ ‘ಕಮಾಂಡರ್’ ಆಗಬಹುದಿತ್ತು. ಊರಿನವರೂ ವಯಸ್ಸಾದವರನ್ನು ಗೌರವಕ್ಕೆ ಹಾಗೆ ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ರಿಟೈರಾದ ಸಿಪಾಯಿ ‘ಸುಬೇದಾರ್ರು’ ಆಗುವುದಿಲ್ಲವೇ, ಹಾಗೆ.

ಕತ್ತಿಯ ಕಥೆ ಸ್ವಲ್ಪ ಬೇರೆ. ಕತ್ತಿ ಇತ್ತು, ಎಲ್ಲ ಸವಾರರಿಗೂ ಕೊಡುತ್ತಿದ್ದರು. 1863ರ ಜೂನ್ 9ರಂದು ಬ್ರ್ಯಾಂಡಿ ಸ್ಟೇಷನ್ ಅನ್ನುವಲ್ಲಿ ಸುಮಾರು 20,000 ಮಂದಿ ಸೇರಿದ ಕಾಳಗ ನಡೆಯಿತು. ಅಮೆರಿಕ ಖಂಡದ ಅತಿ ದೊಡ್ಡ ಕುದುರೆ ಕಾಳಗ ಅದು. ಅಲ್ಲಿ ಕತ್ತಿಗೆ ಕತ್ತಿ ತಾಗಿದ್ದು ನಿಜ. ಆದರೆ ಸವಾರನ ದಿನನಿತ್ಯದ ಯುದ್ಧ ಹಾಗಿರಲಿಲ್ಲ. ಕುದುರೆ ಅವನನ್ನು ಬೇಗ ಕರೆದುಕೊಂಡು ಹೋಗುವ ವಾಹನ. ಕಾಳಗದ ಜಾಗಕ್ಕೆ ಹೋಗಿ, ಇಳಿದು, ಬೇಲಿ ಮರೆಯಲ್ಲೋ ಮರದ ಮರೆಯಲ್ಲೋ ನಿಂತು ಕಾರ್ಬೈನ್ ಹಾರಿಸುವುದೇ ಹೆಚ್ಚು. ನಾಲ್ವರಲ್ಲಿ ಮೂವರು ಮುಂದೆ ಹೋಗುತ್ತಿದ್ದರು, ನಾಲ್ಕನೆಯವನು ನಾಲ್ಕು ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲುತ್ತಿದ್ದ. ಸಿಡಿಗುಂಡುಗಳ ಸದ್ದಿಗೆ ಬೆದರಿದ ನಾಲ್ಕು ಕುದುರೆಗಳನ್ನು ಹಿಡಿದು ನಿಲ್ಲುವುದು ಸುಮ್ನೆ ಮಾತಲ್ಲ. ಗೆಟ್ಟಿಸ್‌ಬರ್ಗ್‌ನ ಮೊದಲ ದಿನ ಬೆಳಗ್ಗೆ ಜನರಲ್ ಬ್ಯುಫರ್ಡ್‌ನ ಸವಾರರು ದಕ್ಷಿಣದ ಕಾಲಾಳುಗಳನ್ನು ತಡೆದದ್ದು ಹೀಗೆ ನೆಲಕ್ಕಿಳಿದೇ. ಮೊಮ್ಮಗ ಪ್ರಾಜೆಕ್ಟಿಗೆ ಚಿತ್ರ ಬಿಡಿಸುವುದಾದರೆ ಕತ್ತಿ ಹಿರಿದವನ ಬದಲು ಈ ನಾಲ್ಕನೆಯವನನ್ನು ಬಿಡಿಸಲಿ. ಯಾರೂ ಬಿಡಿಸುವುದಿಲ್ಲ ಅವನನ್ನು.

‘ಸತ್ತ ಸವಾರನನ್ನು ಯಾರಾದರೂ ಕಂಡಿದ್ದೀರಾ?’ ಅಂತ ಕಾಲಾಳುಗಳು ಆಗ ಗೇಲಿ ಮಾಡುತ್ತಿದ್ದರು. ಉತ್ತರದ ಜನರಲ್ ಹುಕರ್ ಹೇಳಿದ್ದು ಅಂತ ಆ ಮಾತು ಓಡಾಡುತ್ತದೆ. ಮೇನ್ ರಾಜ್ಯದ 1ನೇ ಅಶ್ವದಳ ಅದಕ್ಕೆ ಉತ್ತರ. ಉತ್ತರದ ಸವಾರ ದಳಗಳಲ್ಲಿ ಕಾಳಗದಲ್ಲಿ ಅತಿ ಹೆಚ್ಚು ಮಂದಿಯನ್ನು ಕಳೆದುಕೊಂಡದ್ದು ಅದು: 174 ಮಂದಿ. ಆದರೆ ಅದೇ ದಳದಲ್ಲಿ ಕಾಯಿಲೆ ಬಂದು ಸತ್ತವರು 344. ಇಡೀ ಯುದ್ಧದ ಕಥೆಯೂ ಅದೇ. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ಭೇದಿ, ಟೈಫಾಯ್ಡ್, ನ್ಯುಮೋನಿಯಾದಿಂದ ಹೋದವರು.

ಮೂಲವ್ಯಾಧಿಯ ಮಾತಿಗೆ ಇದೇ ಜಾಗ. ಬೀಗರು ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಸವಾರರ ಪೆನ್ಷನ್ ಕಡತ ಬಿಚ್ಚಿದರೆ ಮೂಲವ್ಯಾಧಿ, ಹರ್ನಿಯ, ಸೊಂಟ ನೋವು, ಸಂಧಿವಾತ, ಕುದುರೆ ಒದ್ದ ಮಂಡಿ, ಇವೇ. ದಿನಕ್ಕೆ ಹದಿನಾಲ್ಕು, ಹದಿನೈದು ಗಂಟೆ ಗಟ್ಟಿ ಜೀನಿನ ಮೇಲೆ ಕೂತು, ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ನೆಲದ ಮೇಲೆ ಮಲಗಿದವನಿಗೆ ಇನ್ನೇನು ಬರುತ್ತದೆ? ನನ್ನ ಮಟ್ಟಿಗೆ ಆ ಮನುಷ್ಯ ನಿಜವಾಗಿ ಕುದುರೆ ಏರಿದ್ದ ಅನ್ನುವುದಕ್ಕೆ ಕಂಚಿನ ಹಲಗೆಗಿಂತ ಗಟ್ಟಿ ಸಾಕ್ಷಿ ಅದೇ. ‘ಮೂರು ಕುದುರೆ ಸತ್ತವು’ ಅನ್ನುವುದೂ ಪೂರ್ತಿ ಸುಳ್ಳಿರಲಿಕ್ಕಿಲ್ಲ. ಮೇಲಿನ 35,078ರ ಲೆಕ್ಕ ನೋಡಿದರೆ ಮೂರೇ ಸತ್ತಿದ್ದರೆ ಅವರು ಕುದುರೆಯನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಗುಂಡಿಗೋ ಗೊರಸಿನ ಕೊಳೆತಕ್ಕೋ ಅನ್ನುವುದು ಮಾತ್ರ ಮನೆಯ ಕಥೆಯಲ್ಲಿ ಬದಲಾಗಿರಬಹುದು.

ಓಡಿಹೋದವರ ಮಾತು ಬಂದಾಗ ನಾನು ಎಲ್ಲರಿಗೂ ಹೇಳುವ ಒಂದು ನಿಜಕಥೆ ಇದೆ. ಉತ್ತರ ಕರೋಲಿನಾದ ಮೋಸ್ ಟ್ರಿಪ್ಲೆಟ್ ಅನ್ನುವವನು ಮೊದಲು ದಕ್ಷಿಣದ ಸೇನೆಯಲ್ಲಿದ್ದ. ಅಲ್ಲಿಂದ ತಪ್ಪಿಸಿಕೊಂಡು ಉತ್ತರದವರ 3ನೇ ನಾರ್ತ್ ಕರೋಲಿನಾ ಮೌಂಟೆಡ್ ಇನ್‌ಫೆಂಟ್ರಿ ಅನ್ನುವ ದಳ ಸೇರಿದ. ಮುಪ್ಪಿನಲ್ಲಿ ಮತ್ತೆ ಮದುವೆಯಾಗಿ, 1930ರಲ್ಲಿ, ಎಂಬತ್ತು ದಾಟಿದ ಮೇಲೆ ಮಗಳು ಐರೀನ್‌ಳನ್ನು ಪಡೆದ. ಅಪ್ಪನ ಸೇವೆಗಾಗಿ ಆಕೆಗೆ ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು. ಆಕೆ ತೀರಿಕೊಂಡದ್ದು 2020ರಲ್ಲಿ. ಅಂತರ್ಯುದ್ಧದ ಕೊನೆಯ ಪೆನ್ಷನ್ ಅದು. ಒಂದು ಸೇನೆಯ ಕಾಗದದಲ್ಲಿ ಓಡಿಹೋದವನು, ಇನ್ನೊಂದರಲ್ಲಿ ಗೌರವದ ಬಿಡುಗಡೆ ಪಡೆದವನು.

ಈಗ ಏನು ಮಾಡಬಹುದು. ಆ ಇಮೇಲಿಗೆ ಉತ್ತರ ಕೊಡಬೇಡಿ. ಈ ದಾಖಲೆಗಳನ್ನು ಇಟ್ಟಿರುವ ಸರ್ಕಾರಿ ಪತ್ರಾಗಾರ ನ್ಯಾಷನಲ್ ಆರ್ಕೈವ್ಸ್ ಹಳೆಯ ಕಾಗದವನ್ನು ತಿದ್ದುವುದಿಲ್ಲ, ಯಾರು ದುಡ್ಡು ಕೊಟ್ಟರೂ. ಆರೋಪ ಆಗಲೇ ತೆಗೆದಿದ್ದರೆ ತಿದ್ದಲು ಏನೂ ಉಳಿದಿಲ್ಲ. ತೆಗೆಯದೇ ಇದ್ದರೆ ಚೌಕಟ್ಟು ಹಾಕಿದ ಒಂದು ‘ಪ್ರಮಾಣಪತ್ರ’ ನಿಮಗೆ ಸಿಗಬಹುದು, ಗೋಡೆಗೆ ಮೊಳೆ ಹೊಡೆಯುವ ಖರ್ಚು ಬೇರೆ. ಮುತ್ತಜ್ಜನ ದಳದ ಕತ್ತಿ ಅಂತ ಯಾರಾದರೂ ಮಾರಲು ಬಂದರೂ ಅದೇ ಮಾತು. ಅಂದಿನ ಕತ್ತಿ ಇರಬಹುದು, ಇಂಥವರದ್ದೇ ಅಂತ ಹೇಳುವುದಕ್ಕೆ ಆಧಾರ ಇರುವುದು ತೀರಾ ಅಪರೂಪ.

ಸುಮ್ಮನೆ ಬಿಟ್ಟುಬಿಡುವುದೂ ಒಂದು ದಾರಿ. ಅದರಲ್ಲಿ ಅಪಾಯ ಒಂದೇ. ಇಂದಲ್ಲ ನಾಳೆ ಮೊಮ್ಮಗ ತಾನೇ ಆ ಕಾರ್ಡು ನೋಡುತ್ತಾನೆ, ಪಕ್ಕದಲ್ಲಿ ವಿವರಿಸುವವರು ಯಾರೂ ಇರುವುದಿಲ್ಲ.

ನಾನಾದರೆ ಪೂರ್ತಿ ಪೆನ್ಷನ್ ಕಡತ ತರಿಸುತ್ತಿದ್ದೆ. ಸೇವಾ ದಾಖಲೆಗೆ 86ನೇ ನಮೂನೆ, ಪೆನ್ಷನ್ನಿಗೆ 85ನೇ ನಮೂನೆ, ಎರಡು ಬೇರೆ ಅರ್ಜಿ. ಸೊಸೆ ತರಿಸಿರುವುದು ಮೊದಲನೆಯದು ಮಾತ್ರ. ಪೆನ್ಷನ್ ಕಡತದಲ್ಲಿ ಅವರೇ ಹೇಳಿ ಬರೆಸಿದ ಮಾತು, ಜೊತೆಯ ಸಿಪಾಯಿಗಳ ಸಾಕ್ಷಿ, ಡಾಕ್ಟರ ಪರೀಕ್ಷೆ, ಕೆಲವೊಮ್ಮೆ ಮನೆಯ ಬೈಬಲ್ಲಿನಿಂದ ಹರಿದ ಹುಟ್ಟಿದ ದಿನದ ಹಾಳೆಯೂ ಇರುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ತಿಂಗಳುಗಟ್ಟಲೆ ಕಾಯಬೇಕು, ಪ್ರಾಜೆಕ್ಟಿನ ಗಡುವಿಗೆ ಬರಲಿಕ್ಕಿಲ್ಲ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಈ ಕಡತಗಳಲ್ಲಿ ಮನೆಯವರಿಗೆ ಗೊತ್ತಿಲ್ಲದ್ದೂ ಇರುತ್ತದೆ. ಇನ್ನೊಂದು ಮದುವೆ, ಕುಡಿತ, ಅಣ್ಣತಮ್ಮಂದಿರ ಜಗಳ, ನಾನು ಎಲ್ಲವನ್ನೂ ಕಂಡಿದ್ದೇನೆ. ಕವರು ಬಂದಾಗ ಮೊದಲು ಬೀಗರೇ ಒಡೆದು ಓದಲಿ. ಅದು ಅವರ ಮನೆಯ ಕಾಗದ.

ಆರ್ಕೈವ್ಸ್‌ಗೆ ಬರೆಯುವಾಗ ಆಸ್ಪತ್ರೆಯ ಕಾರ್ಡುಗಳನ್ನೂ ಹುಡುಕಿ ಅಂತ ಬೇರೆಯಾಗಿ ಕೇಳಿ. ಅವು ಸೇವಾ ದಾಖಲೆಯ ಕಟ್ಟಿನಲ್ಲಿ ಇರುವುದಿಲ್ಲ, ಇನ್ನೊಂದು ಕಪಾಟಿನ ಸರಕು. ಅರ್ಜಿಯಲ್ಲಿ 16 ಮತ್ತು 161 ಎರಡೂ ಸಂಖ್ಯೆ, ಕಂಪನಿಯ ಅಕ್ಷರ, 1891ರ ಪೆನ್ಷನ್ ಪತ್ರದ ನಂಬರು ಬರೆಯಿರಿ. ಅವೆಲ್ಲ ಬಂದ ದಿನ 1863ರ ಅಕ್ಟೋಬರ್‌ನಿಂದ 1864ರ ಫೆಬ್ರವರಿವರೆಗಿನ ತಾರೀಖು ಇರುವ ಹಾಳೆ ಯಾವುದಾದರೂ ಇದೆಯಾ ನೋಡಿ. ಇದ್ದರೆ ಎರಡೂ ಬದಿಯ ಫೋಟೊ ಕಳಿಸಿ, ಓದಿ ಹೇಳುತ್ತೇನೆ.